ಒಂದು ಪುಸ್ತಕವೂ ಕಳೆಯದ ವರ್ಷ

ಕನ್ನಡ ಅಧ್ಯಾಪಕನಾದ ನನಗೆ ಕಳೆದ ಜೂನ್ ತಿಂಗಳಲ್ಲಿ ಕಾಲೇಜು ಗ್ರಂಥಾಲಯದ ಪ್ರಭಾರ ವಹಿಸಲಾಯಿತು. ಗ್ರಂಥಪಾಲಕರು ನಿವೃತ್ತರಾದಂದಿನಿಂದ ಹುದ್ದೆ ಖಾಲಿಯೇ ಇದ್ದುದರಿಂದ, ಹನ್ನೊಂದು ಕಬ್ಬಿಣದ ಬೀರುಗಳ ಬೀಗದ ಕೈ ಗೊಂಚಲು ಅಟೆಂಡರ್ ಸೊಂಟದಲ್ಲಿ ನೇತಾಡುತ್ತಿತ್ತು. ಒಂದು ವರ್ಷದೊಳಗೆ ಗ್ರಂಥಾಲಯ ಸುಧಾರಿಸಬೇಕೆಂದು ಪ್ರಾಂಶುಪಾಲರು ಅಪ್ಪಣೆ ಕೊಡಿಸಿದರು. ಸುಧಾರಿಸಿದೆ, ಮತ್ತು ಅದಕ್ಕೆ ನನ್ನ ಬಳಿ ದಾಖಲೆಗಳಿವೆ.

ಮೊದಲ ಸುಧಾರಣೆ ಹಾಜರಾತಿಯದು. 1994ರಿಂದ ಬೆಂಗಳೂರಿನಲ್ಲಿ ಕುಳಿತು ದೇಶದ ಕಾಲೇಜುಗಳ ಗುಣಮಟ್ಟವನ್ನು ತೂಗುತ್ತ ಬಂದಿರುವ ನ್ಯಾಕ್ ಸಂಸ್ಥೆಗೆ ನಾವು ತುಂಬಬೇಕಿದ್ದ ನಮೂನೆಯ 4.2ನೇ ಭಾಗದಲ್ಲಿ, ದಿನಕ್ಕೆ ಸರಾಸರಿ ಎಷ್ಟು ಮಂದಿ ಗ್ರಂಥಾಲಯವನ್ನು ಬಳಸುತ್ತಾರೆ ಎಂಬ ಪ್ರಶ್ನೆಯಿತ್ತು. ಬಾಗಿಲ ಬಳಿಯ ವಹಿಯಲ್ಲಿ ಹೆಸರು, ತರಗತಿ, ಒಳಬಂದ ವೇಳೆ, ಹೊರಹೋದ ವೇಳೆ, ಸಹಿ ಎಂದು ಐದು ಅಂಕಣಗಳಿದ್ದವು. ಓದಿದ್ದೇನು ಎಂಬ ಆರನೆಯ ಅಂಕಣ ಇಲ್ಲದಿರುವುದನ್ನು ಮೊದಲು ಗಮನಿಸಿದವರು ನಮ್ಮ ವಾಣಿಜ್ಯ ವಿಭಾಗದ ಹಿರಿಯರು. ಅವರ ಸಲಹೆಯಂತೆ ಮೆಟ್ಟಿಲ ಕೆಳಗಿದ್ದ ಕುಡಿಯುವ ನೀರಿನ ಫಿಲ್ಟರನ್ನು ಗ್ರಂಥಾಲಯದ ಒಳಮೂಲೆಗೆ ಸಾಗಿಸಿ, ಸಹಿ ಮಾಡದವರಿಗೆ ಲೋಟವಿಲ್ಲ ಎಂದು ಬರೆದು ಅಂಟಿಸಿದೆವು. ವಾರದೊಳಗೆ ಬಳಕೆದಾರರ ಸಂಖ್ಯೆ ಎರಡಂಕಿಯಿಂದ ಮೂರಂಕಿಗೆ ಏರಿತು. ಬೇಸಿಗೆಯಲ್ಲಂತೂ ನಮ್ಮ ಮಕ್ಕಳ ಜ್ಞಾನದಾಹ ಕಂಡು ನನಗೇ ಕಣ್ಣು ತುಂಬಿ ಬಂತು.

ಆಗಸ್ಟ್ 12ರಂದು ಎಸ್. ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಿದೆವು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ, ಕೊನೆಯ ದಿನಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದ ಆ ಮಹನೀಯರ ಮೊದಲ ಸೂತ್ರ, ಪುಸ್ತಕಗಳಿರುವುದು ಬಳಕೆಗೆ ಎಂಬುದು. ಅದನ್ನು ದಪ್ಪ ಅಕ್ಷರಗಳಲ್ಲಿ ಬರೆಸಿ, ಬೇರೆ ಗೋಡೆಯಲ್ಲಿ ಜಾಗ ಸಾಲದ್ದರಿಂದ ಬೀಗ ಹಾಕಿದ ಬೀರುವಿನ ಮೇಲೆಯೇ ತೂಗುಹಾಕಿದೆವು. ಹಿಂದಿನ ಶತಮಾನಗಳಲ್ಲಿ ಯುರೋಪಿನ ಗ್ರಂಥಾಲಯಗಳು ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದವಂತೆ. ಸರಪಳಿಯಲ್ಲಿದ್ದ ಪುಸ್ತಕವನ್ನು ನಿಂತಲ್ಲೇ ಓದಬಹುದಿತ್ತಲ್ಲ, ಆ ಲೋಪ ನಮ್ಮ ಬೀರುಗಳಲ್ಲಿಲ್ಲ.

ಬೀಗದ ವಿಷಯದಲ್ಲಿ ನನ್ನನ್ನು ಯಾರೂ ತಪ್ಪು ತಿಳಿಯಬಾರದು, ಇದಕ್ಕೆ ಶಾಸ್ತ್ರಾಧಾರವಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು, ವರ್ಷದಲ್ಲಿ ಓದುಗರಿಗೆ ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು ಎನ್ನುತ್ತದೆ. ರಾಜ್ಯದ ಕಾಲೇಜಾದ ನಮಗೆ ಅದು ನೇರವಾಗಿ ಅನ್ವಯಿಸದಿದ್ದರೂ ದಾರಿದೀಪವಾಗಿರಲಿ ಎಂದು ಗ್ರಂಥಾಲಯ ಸಮಿತಿ ಅದನ್ನು ಕೈಗೆತ್ತಿಕೊಂಡಿತು. ಮೇಲಿಂದ ಮೇಲೆ ಓದಿದವರಿಗೆ ಪುಸ್ತಕ ಧಾರಾಳವಾಗಿ ಕೊಡಿ, ಒಂದೆರಡು ಹೋದರೆ ಹೋಗಲಿ ಎಂಬ ಔದಾರ್ಯ ಅಲ್ಲಿ ಕಾಣಬಹುದು. ಸಮಿತಿ ಆಳಕ್ಕಿಳಿದು ಓದಿತು: ಸಾವಿರ ಕೊಟ್ಟರೆ ಐದು ಕಳೆಯಬಹುದು, ಇನ್ನೂರು ಕೊಟ್ಟರೆ ಒಂದು, ಒಂದನ್ನೂ ಕೊಡದಿದ್ದರೆ ಕಳೆಯುವ ಮಾತೇ ಇಲ್ಲ. ಕಳೆದ ಪುಸ್ತಕದ ದುಡ್ಡು ಪ್ರಭಾರಿಯ ಸಂಬಳದಲ್ಲಿ ಕಡಿತವಾದ ಕಥೆಗಳನ್ನು ಸಮಿತಿಯ ಎಲ್ಲ ಸದಸ್ಯರೂ ಕೇಳಿಬಲ್ಲವರಾಗಿದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಡಿಜಿಟಲ್ ಸುಧಾರಣೆಯೂ ನಡೆಯಿತು. ಆರು ಸಾವಿರಕ್ಕೂ ಹೆಚ್ಚು ವಿದ್ವತ್ ಪತ್ರಿಕೆಗಳನ್ನು ತೆರೆದಿಡುವ ಎನ್-ಲಿಸ್ಟ್ ಯೋಜನೆಗೆ ವಾರ್ಷಿಕ ಶುಲ್ಕ ಕಟ್ಟಿದ್ದೇವೆ. ಪಾಸ್‌ವರ್ಡ್‌ಗಳು ದುರುಪಯೋಗವಾಗದಂತೆ ಪ್ರಾಂಶುಪಾಲರ ಮೇಜಿನ ಒಳಗಿವೆ.

ಪುಸ್ತಕ ಖರೀದಿಯ ಅನುದಾನ ಎಂದಿನಂತೆ ಮಾರ್ಚ್ ಕೊನೆಯ ವಾರದಲ್ಲಿ, ನಾಲ್ಕು ದಿನದೊಳಗೆ ಖರ್ಚು ಮಾಡಿ ಇಲ್ಲವೇ ಹಿಂದಿರುಗಿಸಿ ಎಂಬ ಒಕ್ಕಣೆಯೊಂದಿಗೆ ಬಂತು. ವಿಭಾಗಗಳಿಂದ ಬೇಡಿಕೆ ಪಟ್ಟಿ ತರಿಸಲು ವೇಳೆ ಎಲ್ಲಿದೆ? ಮರುದಿನವೇ ಮೂರು ಕೊಟೇಶನ್‌ಗಳು ಬಂದವು. ಮೂರರಲ್ಲೂ ಪ್ರಾಂಶುಪಾಲರು ಎಂಬುದು ‘ಪ್ರಾಂಸುಪಾಲರು’ ಎಂದೇ ಅಚ್ಚಾಗಿದ್ದು, ಮೂವರು ವ್ಯಾಪಾರಿಗಳ ಭಾಷಾಜ್ಞಾನ ಇಷ್ಟು ಸರಿಸಮವಾಗಿರುವುದಕ್ಕೆ ಕನ್ನಡ ಮೇಷ್ಟ್ರಾದ ನಾನು ಸೋಜಿಗಪಟ್ಟೆ. ಸಂಜೆಗೆ ವ್ಯಾನು ಬಂತು. ನಮ್ಮಲ್ಲಿಲ್ಲದ ಗೃಹವಿಜ್ಞಾನ ವಿಭಾಗಕ್ಕೆ ಪಠ್ಯಗಳು, ಒಂದೇ ಗೈಡಿನ ನಲವತ್ತು ಪ್ರತಿಗಳು, ಮತ್ತು ತೂಕಕ್ಕೆಂದು ಸೇರಿಸಿದ್ದರೋ ಏನೋ, ವಚನಗಳನ್ನು ಕುರಿತ ನಿಜಕ್ಕೂ ಒಳ್ಳೆಯ ಒಂದು ವಿಮರ್ಶಾಗ್ರಂಥ. ಅಕ್ಸೆಶನ್ ಸಂಖ್ಯೆ ಬರೆದು, ಮುದ್ರೆಯೊತ್ತಿ, ಬೆನ್ನಿಗೆ ಡ್ಯೂಯಿ ವರ್ಗೀಕರಣದಂತೆ ಕನ್ನಡ ಸಾಹಿತ್ಯದ 894.814 ಚೀಟಿ ಅಂಟಿಸಿ, ಹಿಂಬದಿಯಲ್ಲಿ ಮರಳಿಸುವ ದಿನಾಂಕದ ಖಾಲಿ ಹಾಳೆಯನ್ನೂ ಅಂಟಿಸಿ, ಆ ಪುಸ್ತಕವನ್ನು ಬಾಗಿಲೆದುರಿನ ಗಾಜಿನ ಪೆಟ್ಟಿಗೆಯಲ್ಲಿ ನೂತನ ಗ್ರಂಥಗಳು ಎಂಬ ಫಲಕದಡಿ ನಿಲ್ಲಿಸಿದೆ.

ಮೊನ್ನೆ ಬಿ.ಎ. ಅಂತಿಮ ವರ್ಷದ ಹುಡುಗಿಯೊಬ್ಬಳು ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಬಳಿಕ ಮೇಜಿನ ಬಳಿ ಬಂದು, “ಸರ್, ಆ ವಚನದ ಪುಸ್ತಕ ಎರಡು ದಿನಕ್ಕೆ ಸಿಗುತ್ತದೆಯೇ?” ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ನೋಡಿದೆ, ‘ಲಭ್ಯವಿದೆ’ ಎಂದೇ ತೋರಿಸಿತು.

“ಇದೆಯಮ್ಮ, ಆದರೆ ನ್ಯಾಕ್ ತಂಡ ಬಂದು ಹೋಗುವವರೆಗೆ ಅದನ್ನು ಅಲ್ಲಿಂದ ಕದಲಿಸುವಂತಿಲ್ಲ.”

“ತಂಡ ಯಾವಾಗ ಬರುತ್ತದೆ ಸರ್?”

“ಬರುವ ವರ್ಷ ಇರಬಹುದು.”

“ಅಷ್ಟರಲ್ಲಿ ನನ್ನ ಡಿಗ್ರಿ ಮುಗಿದಿರುತ್ತದೆ ಸರ್,” ಎಂದಳು. ಮಾತು ನಿಜವಾದ್ದರಿಂದ ನಾನು ವಾದಿಸಲಿಲ್ಲ. ಮೂಲೆಯಲ್ಲಿ ಒಂದು ಲೋಟ ನೀರು ಕುಡಿದು, ಹೋಗುವಾಗ ವಹಿಯಲ್ಲಿ ದುಂಡಗೆ ಬರೆದಳು: ಒಳಬಂದದ್ದು 11.10, ಹೊರಹೋದದ್ದು 11.24. ಸಂಜೆ ಆ ದಿನದ ಬಳಕೆದಾರರ ಮೊತ್ತವನ್ನು ಕೂಡಿಸುವಾಗ ಅವಳನ್ನೂ ಸೇರಿಸಿದ್ದೇನೆ.