ತಾರೀಖು ಹೊಸದು, ಸರಕು ಹಳೇದು

ಈಚೆಗೆ ನೆಟ್‌ನಲ್ಲಿ ಏನೇ ಹುಡುಕಿದರೂ ಬರಹ ಓದುವ ಮೊದಲು ಅದರ ಕೆಳಗಿನ ಕಾಮೆಂಟ್‌ಗಳಿಗೆ ಹೋಗ್ತೀನಿ. ತಲೆಬರಹದಲ್ಲಿ ಈ ವರ್ಷದ ಇಸವಿ ಮಿಂಚ್ತಾ ಇರುತ್ತೆ. 'ನಿನ್ನೆ ಅಪ್‌ಡೇಟ್ ಆಗಿದೆ' ಅಂತಲೂ ಬರೆದಿರುತ್ತೆ. ಕೆಳಗಿಳಿದು ನೋಡಿದ್ರೆ 2017ರಲ್ಲಿ ಯಾರೋ ಪುಣ್ಯಾತ್ಮರು 'ನೀವು ಹೇಳಿದ ಆಪ್ಶನ್ ನನ್ನ ಫೋನಲ್ಲಿ ಇಲ್ವಲ್ಲ ಸಾರ್' ಅಂತ ಕೇಳಿರ್ತಾರೆ. ಅಂದ್ರೆ ಆಗಲೇ ಹಳಸಿದ್ದ ಮಾಹಿತಿ ಇವತ್ತಿಗೂ ಮೊದಲನೇ ಸ್ಥಾನದಲ್ಲಿ ಕೂತಿದೆ.

ಸರ್ಚ್‌ನಲ್ಲಿ ಬರೀ ಹಳೇದೇ ಬರುತ್ತೆ ಅನ್ನೋದು ಒಂದು ಗೋಳು, ವೆಬ್‌ಸೈಟಿನವರು ಮೇಲೆ ಬರೋಕೆ ಗಿಮಿಕ್ ಮಾಡ್ತಾರೆ ಅನ್ನೋದು ಇನ್ನೊಂದು ಅಂತ ನಾವು ಅಂದ್ಕೊಂಡಿದ್ದೀವಿ. ನನಗನ್ನಿಸೋದು, ಎರಡೂ ಒಂದೇ ರೋಗ. ಹಳೇದು ತಾನಾಗಿ ಮೇಲೆ ಬಂದಿದ್ದಲ್ಲ, ಹೊಸದರ ವೇಷ ಹಾಕಿಸಿ ಕೂರಿಸಿದ್ದು.

ಇದು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ. ತೊಂಬತ್ತರ ದಶಕದಲ್ಲಿ ಸರ್ಚ್ ಎಂಜಿನ್‌ನವರು ಪುಟದೊಳಗಿನ ಪದಗಳನ್ನು ನೋಡಿ ರ್‍ಯಾಂಕ್ ಕೊಡ್ತಿದ್ರು. ತಕ್ಷಣ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ತುರುಕುವವರು ಹುಟ್ಟಿಕೊಂಡ್ರು. ಗೂಗಲ್ ಬಂದು, ಯಾವ ಪುಟಕ್ಕೆ ಎಲ್ಲೆಲ್ಲಿಂದ ಲಿಂಕ್ ಇದೆ ಅಂತ ಲೆಕ್ಕ ಹಾಕಿ ಮೇಲೆ ಕೂರಿಸಿತು. ಲಿಂಕ್ ಮಾರುವ ದಂಧೆಯೇ ಶುರುವಾಯ್ತು. ಸಣ್ಣಪುಟ್ಟವರಷ್ಟೇ ಅಲ್ಲ, ಸರ್ಚ್ ಎಂಜಿನ್‌ಗೆ ಒಂದು, ಜನಕ್ಕೆ ಇನ್ನೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯೂನ ಜರ್ಮನ್ ವೆಬ್‌ಸೈಟನ್ನೇ ಗೂಗಲ್ ಫಲಿತಾಂಶಗಳಿಂದ ಕಿತ್ತುಹಾಕಿತ್ತು.

ಆಮೇಲೆ ಹೊಸತನಕ್ಕೆ ಮಣೆ ಹಾಕುವ ಕಾಲ ಬಂತು. 2011ರ ನವೆಂಬರ್‌ನಲ್ಲಿ ಹೊಸ ಬರಹಗಳನ್ನು ಮೇಲೆ ತರೋಕೆ ಗೂಗಲ್ ಮಾಡಿದ ಒಂದು ಬದಲಾವಣೆ ಸುಮಾರು 35% ಹುಡುಕಾಟಗಳ ಮೇಲೆ ಪರಿಣಾಮ ಬೀರುತ್ತೆ ಅಂತ ಅದೇ ಹೇಳಿಕೊಂಡಿತ್ತು. ಉದ್ದೇಶ ಒಳ್ಳೇದೇ. ಆದರೆ ಹೊಸದಾಗಿ ಬರೆಯೋದಕ್ಕಿಂತ ತಾರೀಖು ತಿದ್ದೋದು ಸುಲಭ ಅಲ್ವಾ? ತಲೆಬರಹದಲ್ಲಿ ಇಸವಿ ತಾನಾಗೇ ಬದಲಾಗುವಂತೆ ಮಾಡುವ ಪ್ಲಗಿನ್‌ಗಳೂ (ವೆಬ್‌ಸೈಟಿಗೆ ಜೋಡಿಸುವ ಪುಟ್ಟ ಸಾಫ್ಟ್‌ವೇರ್) ಇವೆ. ಜನವರಿ 1ರ ಬೆಳಗ್ಗೆ ಎದ್ದರೆ 'ಈ ವರ್ಷದ ಅತ್ಯುತ್ತಮ ಲ್ಯಾಪ್‌ಟಾಪ್‌ಗಳು' ರೆಡಿ. ಲ್ಯಾಪ್‌ಟಾಪ್ ಮುಟ್ಟಿ ನೋಡಿದವರು ಯಾರೂ ಇಲ್ಲ, ಪ್ರತಿಯೊಂದರ ಕೆಳಗೂ, ನಾವು ಕೊಂಡರೆ ಅವರಿಗೆ ದುಡ್ಡು ಬರುವ ಕಮಿಷನ್ ಲಿಂಕ್ ಮಾತ್ರ ತಪ್ಪದೇ ಇದೆ. ವಿಷಯ ಬದಲಿಸದೆ ತಾರೀಖು ಮಾತ್ರ ಬದಲಿಸ್ತಿದ್ದೀರಾ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ವೆಬ್‌ಸೈಟಿನವರನ್ನು ಕೇಳುತ್ತೆ. ಕೇಳಿದ್ರೆ ಯಾರಾದರೂ ಹೌದು ಅಂತಾರಾ!

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇದರ ಇನ್ನೊಂದು ಮಗ್ಗುಲು ನೋಡಿದಾಗ. ಹಳೇದೆಲ್ಲ ಕೆಟ್ಟದ್ದಲ್ಲ. ಹಳೇ ಪ್ರಿಂಟರ್, ಹಳೇ ಸಾಫ್ಟ್‌ವೇರ್ ಕೈಕೊಟ್ಟಾಗ ನನಗೆ ಬೇಕಿರೋದು 2009ರಲ್ಲಿ ಒಬ್ಬರು ಅದರ ಜೊತೆ ಗುದ್ದಾಡಿ ಬರೆದಿಟ್ಟ ಪುಟ. ಪ್ರಾಮಾಣಿಕವಾಗಿ ಹಳೇ ತಾರೀಖನ್ನೇ ಉಳಿಸಿಕೊಂಡ ಅಂಥ ಪುಟ ತಳ ಸೇರುತ್ತೆ. 2023ರಲ್ಲಿ ಟೆಕ್ ಸುದ್ದಿಯ ವೆಬ್‌ಸೈಟ್ ಸಿನೆಟ್ ರ್‍ಯಾಂಕಿಂಗ್ ಸುಧಾರಿಸುತ್ತೆ ಅನ್ನೋ ಲೆಕ್ಕಾಚಾರದಲ್ಲಿ ತನ್ನ ಸಾವಿರಾರು ಹಳೇ ಲೇಖನಗಳನ್ನೇ ಅಳಿಸಿತು. ಹಳೇದು ಅನ್ನೋ ಕಾರಣಕ್ಕೆ ಅಳಿಸಿದರೆ ಲಾಭವಿಲ್ಲ ಅಂತ ಗೂಗಲ್ಲೇ ಹೇಳಿತು. ಯಾರ ಮಾತು ಯಾರು ಕೇಳ್ತಾರೆ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಲೆಕ್ಕದ ಪ್ರಕಾರ 2013ರಲ್ಲಿದ್ದ ವೆಬ್ ಪುಟಗಳಲ್ಲಿ 38% ಹತ್ತು ವರ್ಷದ ನಂತರ ಸಿಗ್ತಿರಲಿಲ್ಲ. ತಾವಾಗಿ ಸಾಯುವ ಪುಟಗಳೇ ಇಷ್ಟಿರುವಾಗ, ಬದುಕಿರೋದನ್ನು ಕೊಲ್ಲೋ ದರ್ದು ಏನಿತ್ತೋ.



ನಾನು ಕೇಳೋದು ದೊಡ್ಡದೇನಲ್ಲ. ಒಂದು ಪುಟವನ್ನು ತಾನು ಮೊದಲು ನೋಡಿದ್ದು ಯಾವಾಗ, ಆಮೇಲೆ ಅದರಲ್ಲಿ ಎಷ್ಟು ಬದಲಾಗಿದೆ ಅನ್ನೋದನ್ನು ಪದೇ ಪದೇ ಬಂದು ಓದಿಕೊಂಡು ಹೋಗುವ ಸರ್ಚ್ ಎಂಜಿನ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದನ್ನು ಫಲಿತಾಂಶದ ಪಕ್ಕದಲ್ಲೇ ಹಾಕಿ: 'ಮೊದಲು ಕಂಡಿದ್ದು 2016, ನಿನ್ನೆ ಬದಲಾಗಿದ್ದು ತಾರೀಖು ಮಾತ್ರ.' ಅಲ್ಲಿಯವರೆಗೆ ಅನುಮಾನ ಬಂದ ಪುಟದ ವಿಳಾಸವನ್ನು ವೆಬ್ ಪುಟಗಳ ಹಳೇ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹಾಕಿ, ಹಳೇ ಪ್ರತಿ ಸಿಕ್ಕರೆ ಪಕ್ಕಪಕ್ಕ ಇಟ್ಟು ನೋಡಿ. ಸಿಕ್ಕಿಬಿದ್ದವುಗಳ ಸ್ಕ್ರೀನ್‌ಶಾಟ್ ಇದ್ದರೆ ಕಾಮೆಂಟಲ್ಲಿ ಹಾಕಿ.