ಹೆಲಿಪ್ಯಾಡ್ ಆಸ್ಪತ್ರೆ ಪಕ್ಕ ಯಾಕಿಲ್ಲ?

ಕಳೆದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಭಾವ ಒಂದಷ್ಟು ಫೋಟೊ ಹಾಕಿದ್ದರು. ಊರಿನ ಕಾಲೇಜು ಮೈದಾನ. ಸಚಿವರು ಬರುತ್ತಾರೆ ಅಂತ ಅದನ್ನು ಹೆಲಿಪ್ಯಾಡ್ ಮಾಡಿದ್ದಾರೆ. ರೋಲರ್ ಓಡಿಸಿ ನೆಲ ಗಟ್ಟಿ ಮಾಡಿದ್ದಾರೆ. ಧೂಳು ಏಳದಿರಲಿ ಅಂತ ಟ್ಯಾಂಕರಿನಲ್ಲಿ ನೀರು ಹೊಡೆದಿದ್ದಾರೆ. ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ, ನಡುವೆ ‘ಎಚ್’. ಸುತ್ತ ಬೊಂಬಿನ ಬೇಲಿ. ಒಂದು ಮೂಲೆಯಲ್ಲಿ ಫೈರ್ ಎಂಜಿನ್, ಅದರ ಪಕ್ಕ ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸ್.

ಗ್ರೂಪಿನಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಆ ಆಂಬುಲೆನ್ಸ್ ನೋಡಿ ಹೊಟ್ಟೆ ಉರಿಯಿತು.

ಹಿಂದೊಮ್ಮೆ ನಮ್ಮ ತೋಟದಲ್ಲಿ ಕೊನೆ ತೆಗೆಯುತ್ತಿದ್ದವರೊಬ್ಬರು ಅಡಿಕೆ ಮರದಿಂದ ಬಿದ್ದರು. ಆವತ್ತು ಆಂಬುಲೆನ್ಸ್ ಸಿಗಲಿಲ್ಲ. ಪಕ್ಕದ ಮನೆಯ ಓಮ್ನಿಯ ಸೀಟು ಮಡಚಿ, ಚಾಪೆ ಹಾಸಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿದರು. ಹದಿನಾಲ್ಕು ಹೇರ್‌ಪಿನ್ ತಿರುವು. ಕುತ್ತಿಗೆ ಅಲುಗಾಡದ ಹಾಗೆ ಅಣ್ಣ ಅವರ ತಲೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮಣಿಪಾಲ ಮುಟ್ಟುವಷ್ಟರಲ್ಲಿ ಅವನ ಕೈ ಮರಗಟ್ಟಿ ಹೋಗಿತ್ತಂತೆ. ಅವರು ಬದುಕಿದರು, ಆದರೆ ಮತ್ತೆ ಮರ ಹತ್ತಲಿಲ್ಲ. ಘಾಟಿಯ ಮೇಲಿನ ಯಾವ ಊರಲ್ಲಿ ಕೇಳಿದರೂ ಇಂಥದ್ದೊಂದು ಕತೆ ಸಿಗುತ್ತದೆ.

ನಾನೀಗ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಇಲ್ಲಿ ಹಾರ್ಲಾಖಿಂಗ್ ಅಂತ ಒಂದು ಬಡಾವಣೆ. ಅಲ್ಲಿನ ಆಸ್ಪತ್ರೆಯ ಆವರಣದಲ್ಲೇ ಹಳದಿ ಹೆಲಿಕಾಪ್ಟರ್ ಇರುತ್ತದೆ. ಹೆಸರು ಕ್ರಿಸ್ಟೋಫ್ 1. 1970ರ ನವೆಂಬರ್ 1ಕ್ಕೆ ಶುರುವಾದ ಸೇವೆ. ನೋಡಿಕೊಳ್ಳುವುದು ಎಡಿಎಸಿ, ಅಂದರೆ ವಾಹನ ಇಟ್ಟುಕೊಂಡವರ ಸಂಘ. ಪೈಲಟ್, ಡಾಕ್ಟರ್, ಪ್ಯಾರಾಮೆಡಿಕ್ ಒಟ್ಟಿಗೇ ಹೊರಡುತ್ತಾರೆ. ನಾವು 112ಕ್ಕೆ ಫೋನ್ ಮಾಡಿದರೆ ಸಾಕು. ಆಂಬುಲೆನ್ಸ್ ಸಾಕೋ, ಹೆಲಿಕಾಪ್ಟರೇ ಬೇಕೋ ಎಂದು ಕಂಟ್ರೋಲ್ ರೂಮಿನವರು ತೀರ್ಮಾನ ಮಾಡುತ್ತಾರೆ. ಪರಿಚಯ, ಶಿಫಾರಸು ಏನೂ ಬೇಡ.

ಒಂದು ಸಂಜೆ ನಮ್ಮ ಮನೆ ಹತ್ತಿರದ ಫುಟ್‌ಬಾಲ್ ಮೈದಾನದಲ್ಲಿ ಅಂಥದ್ದೇ ಹಳದಿ ಹೆಲಿಕಾಪ್ಟರ್ ಇಳಿಯಿತು. ಆಡುತ್ತಿದ್ದ ಹುಡುಗರು ಚೆಂಡು ಎತ್ತಿಕೊಂಡು ಬದಿಗೆ ನಿಂತರು. ಡಾಕ್ಟರ್ ಬ್ಯಾಗ್ ಹೆಗಲಿಗೇರಿಸಿ ಎದುರಿನ ಅಪಾರ್ಟ್‌ಮೆಂಟಿಗೆ ಓಡಿದರು. ಯಾರೋ ದೊಡ್ಡ ಮನುಷ್ಯರಿರಬೇಕು ಅಂದುಕೊಂಡು ಪಕ್ಕದವರನ್ನು ಕೇಳಿದೆ. ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಎದೆನೋವು ಅಂದರು. ಒಬ್ಬ ಅಜ್ಜಿಗೆ ಹೆಲಿಕಾಪ್ಟರ್! ಆವತ್ತು ಮನೆಗೆ ಬಂದು ಹೆಂಡತಿಗೆ ಎಷ್ಟು ಸಲ ಹೇಳಿದೆನೋ.

ಇಲ್ಲಿ ಹೆಲಿಪ್ಯಾಡ್ ಅಂದರೆ ಆಸ್ಪತ್ರೆಯದ್ದು. ಎಷ್ಟೋ ಕಡೆ ಕಟ್ಟಡದ ಮೇಲೇ ಕಟ್ಟಿದ್ದಾರೆ. ಮೇಲಿದ್ದರೆ ಮರ, ವೈರುಗಳ ಕಾಟ ಕಡಿಮೆ. ರೆಕ್ಕೆಯ ಗಾಳಿಗೆ ಧೂಳು ಏಳುವುದಿಲ್ಲ. ಸ್ಟ್ರೆಚರ್ ಲಿಫ್ಟಿನಲ್ಲಿ ನೇರ ಎಮರ್ಜೆನ್ಸಿಗೆ ಇಳಿಯುತ್ತದೆ. ನಮ್ಮಲ್ಲೋ, ಜಿಲ್ಲೆ ಸುತ್ತಿ ಬಂದರೆ ಹೆಲಿಪ್ಯಾಡ್ ಸಿಗುವುದು ಕಾಲೇಜು ಮೈದಾನ, ಸಕ್ಕರೆ ಕಾರ್ಖಾನೆ, ಸಮಾವೇಶದ ಹೊಲ. ಅವೂ ನಾಲ್ಕು ದಿನದ ಏರ್ಪಾಡು. ಅತಿಥಿಗಳಿಗಾದರೂ ಅವು ಕ್ಷೇಮವೇ? 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಹಾರಿ ಬಂದವು. ಪೈಲಟ್ ಇಳಿಸದೆ ಮತ್ತೆ ಮೇಲೇರಿಸಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ.

ಹೆಲಿಕಾಪ್ಟರ್‌ಗೆ ನಮಗೆ ಬರವಿಲ್ಲ. ಧ್ರುವ ತಯಾರಾಗುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಗುಬ್ಬಿ ಹತ್ತಿರ 615 ಎಕರೆಯಲ್ಲಿ ಇನ್ನೊಂದು ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮೈಸೂರು ದಸರಾಕ್ಕೆ ದುಡ್ಡು ಕೊಟ್ಟು ಹೆಲಿಕಾಪ್ಟರ್ ಸುತ್ತು ಹಾಕಿ ಬಂದವರು ನಮ್ಮ ನೆಂಟರಲ್ಲೇ ಇದ್ದಾರೆ. ರೋಗಿಗಾಗಿ ಇಳಿಯುವ ಜಾಗ ಕಾದಿಡಬೇಕು ಅಂತ ಯಾರಿಗೂ ಅನಿಸಿಲ್ಲ, ಅಷ್ಟೇ.

ಖರ್ಚು ಜಾಸ್ತಿ, ಒಪ್ಪುತ್ತೇನೆ. ಇಲ್ಲಿ ಪ್ರತಿಯೊಬ್ಬರೂ ತಿಂಗಳು ತಿಂಗಳು ಆರೋಗ್ಯ ವಿಮೆಗೆ ಕಟ್ಟುವ ದುಡ್ಡು ಸಣ್ಣದಲ್ಲ. ಆಸ್ಪತ್ರೆ ಹತ್ತಿರದ ಮನೆಯವರಿಗೆ ಸದ್ದಿನ ಗೋಳೂ ಇದ್ದೇ ಇದೆ. ನಮ್ಮ ದೇಶದಲ್ಲಿ ಏನೂ ಆಗಿಲ್ಲ ಅಂತಲೂ ಅಲ್ಲ. ಋಷಿಕೇಶದ ಏಮ್ಸ್‌ನಲ್ಲಿ 2024ರಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಶುರುವಾಯಿತು. ಇನ್ನೊಂದು ಮಾತು ಹೇಳಲೇಬೇಕು. 2020ರ ಫೆಬ್ರವರಿಯಲ್ಲಿ ನಲವತ್ತು ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜೀರೋ ಟ್ರಾಫಿಕ್‌ನಲ್ಲಿ ಒಯ್ದರು. ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದರು. ಗುರುತು ಪರಿಚಯ ಇಲ್ಲದ ಜನ ಊರೂರಲ್ಲಿ ರಸ್ತೆಗಿಳಿದು ದಾರಿ ಬಿಡಿಸಿದ್ದರು. ಅಷ್ಟು ದೂರದುದ್ದಕ್ಕೂ ಅಂಥ ಜನ ಇಲ್ಲಿ ಸಿಗುತ್ತಾರಾ, ನನಗೆ ಅನುಮಾನ.

ಮಳೆಗಾಲದ ಮಾತು ಬೇರೆ. ಆಗುಂಬೆಯ ಮಂಜಿನಲ್ಲಿ ಯಾವ ಹೆಲಿಕಾಪ್ಟರೂ ಇಳಿಯಲಾರದು. ಇಲ್ಲಿಯೂ ಮಂಜು ಕವಿದರೆ ಹಾರುವುದಿಲ್ಲ, ಹೆಚ್ಚಿನವು ಹಗಲು ಹೊತ್ತು ಮಾತ್ರ. ಆದರೆ ಉಳಿದ ಏಳೆಂಟು ತಿಂಗಳು ಇದೆಯಲ್ಲ? ಜಿಲ್ಲಾ ಆಸ್ಪತ್ರೆಗೆ ಹೊಸ ಕಟ್ಟಡ ಎದ್ದಾಗಲೆಲ್ಲ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು ಕಾಂಕ್ರೀಟ್ ಹಾಕಲಿ. ತುರ್ತು ಇಲ್ಲದ ದಿನ ಸಚಿವರೂ ಅಲ್ಲೇ ಇಳಿಯಬಹುದು. ವಾರ್ಡುಗಳನ್ನೂ ಒಮ್ಮೆ ನೋಡಿಕೊಂಡು ಹೋಗಬಹುದು.