ಕೇಂಬ್ರಿಡ್ಜ್‌ನ ‘ಮೇ ಬಾಲ್’ ಕುರಿತು ಸ್ಪಷ್ಟನೆ
ಮಕ್ಕಳನ್ನು ಇಂಗ್ಲೆಂಡಿಗೆ ಓದಲು ಕಳುಹಿಸುವ ಯೋಚನೆಯಲ್ಲಿರುವ ಹಾಸನದ ಕೆಲವು ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪರೀಕ್ಷೆ ಎದುರಿಗಿರುವಾಗಲೇ ಮೇ ತಿಂಗಳಿಡೀ ರಾತ್ರಿಗಳನ್ನು ಕುಡಿತ, ಕುಣಿತದಲ್ಲಿ ಕಳೆಯುತ್ತಾರೆಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಅಲ್ಲಿನ ವಿದ್ಯಾರ್ಥಿಗಳ ವರ್ಷಾಂತ್ಯದ ಸಂಭ್ರಮಾಚರಣೆಯಾದ ‘ಮೇ ವೀಕ್’ ನಡೆಯುವುದು ಜೂನ್‌ನಲ್ಲಿ, ಅದೂ ಪರೀಕ್ಷೆಗಳು ಮುಗಿದ ಮೇಲೆ. ಹಿಂದೊಮ್ಮೆ ಅದು ಪರೀಕ್ಷೆಗೆ ಮುನ್ನ ಮೇ ತಿಂಗಳಲ್ಲೇ ನಡೆಯುತ್ತಿದ್ದು, ಕಾಲ ಬದಲಾದರೂ ಹೆಸರು ಹಾಗೆಯೇ ಉಳಿದಿದೆ. ಗೊಂದಲದ ಮೂಲವೂ ಬಹುಶಃ ಇದೇ. ಮೇ ವೀಕ್‌ನಲ್ಲಿ ಕಾಲೇಜುಗಳು ಏರ್ಪಡಿಸುವ ‘ಮೇ ಬಾಲ್’ ಎಂಬ ಅದ್ದೂರಿ ಔತಣ-ನೃತ್ಯಕೂಟ ಬೆಳಗಿನವರೆಗೂ ನಡೆಯುತ್ತದೆ, ಅಲ್ಲಿ ಮದ್ಯವೂ ಇರುತ್ತದೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಮುಂಜಾನೆಯವರೆಗೆ ಎಚ್ಚರವಿದ್ದವರು, ಸುಕ್ಕಾದ ಕೋಟು, ಉದ್ದನೆಯ ಗೌನುಗಳಲ್ಲೇ ಒಟ್ಟಾಗಿ ನಿಂತು ‘ಸರ್ವೈವರ್ಸ್ ಫೋಟೊ’ ತೆಗೆಸಿಕೊಳ್ಳುವುದು ವಾಡಿಕೆ. ಆದರೆ ಟಿಕೆಟ್ ದರವೇ ಸಾಮಾನ್ಯವಾಗಿ 100 ಪೌಂಡ್ ದಾಟುವುದರಿಂದ ಇದು ದಿನನಿತ್ಯದ ಮೋಜಂತೂ ಅಲ್ಲ.

ಉಳಿದಂತೆ, ಎಂಟು ವಾರಗಳ ಬಿಗಿಯಾದ ಬೋಧನಾ ಅವಧಿಯಲ್ಲಿ, ಒಬ್ಬಿಬ್ಬರನ್ನೇ ಕೂರಿಸಿಕೊಂಡು ಅಧ್ಯಾಪಕರು ನಡೆಸುವ ‘ಸೂಪರ್‌ವಿಷನ್’ಗೆ ಪ್ರಬಂಧ ಬರೆದೊಯ್ಯಬೇಕಾದ ವಿದ್ಯಾರ್ಥಿಯ ಸಂಜೆ, ಹೆಚ್ಚೆಂದರೆ ಕಾಲೇಜಿನ ಬಾರ್‌ನಲ್ಲೋ, ಗೌನು ತೊಟ್ಟು ಉಣ್ಣುವ ‘ಫಾರ್ಮಲ್ ಹಾಲ್’ನಲ್ಲೋ ಕಳೆಯುತ್ತದೆ.